ನಾಝಿಯಾ ಹಸನ್: ಓಲೈಸದ ಕಂಠ

ನಾಝಿಯಾ ಹಸನ್ ಗಾಯಕಿಯೇ ಅಲ್ಲ, ಸ್ಟುಡಿಯೋದ ಯಂತ್ರಗಳು ಆಕೆಯನ್ನು ಗಾಯಕಿ ಮಾಡಿದವು ಎಂಬ ಆಕ್ಷೇಪ ಹಳೆಯದು. ಅದರಲ್ಲಿ ಅರ್ಧ ಸತ್ಯವಿದೆ. ಆ ಕಂಠದಲ್ಲಿ ಶಾಸ್ತ್ರೀಯ ತಾಲೀಮಿನ ಗುರುತಿಲ್ಲ. ಮುರ್ಕಿಗಳಿಲ್ಲ, ವ್ಯಾಪ್ತಿಯೂ ಚಿಕ್ಕದು, ದನಿ ತುಸು ಮೂಗಿನಿಂದ ಬರುತ್ತದೆ. ಆದರೆ ಈ ‘ಇಲ್ಲ’ಗಳೇ ನಮ್ಮ ಉಪಖಂಡದ ನೃತ್ಯಸಂಗೀತದ ದಿಕ್ಕನ್ನು ಬದಲಿಸಿದವು ಎಂಬುದು ಉಳಿದರ್ಧ ಸತ್ಯ.

1980ರಲ್ಲಿ ‘ಕುರ್ಬಾನಿ’ ತೆರೆ ಕಂಡಾಗ ಕರಾಚಿಯಲ್ಲಿ ಹುಟ್ಟಿದ ಈ ಹುಡುಗಿಗೆ 15 ವರ್ಷ. ಚಿತ್ರದ ನಿರ್ದೇಶಕ ಫಿರೋಝ್ ಖಾನ್ ಮತ್ತು ‘ಆಪ್ ಜೈಸಾ ಕೋಯಿ’ಗೆ ಸಂಗೀತ ನೀಡಿದ ಬಿದ್ದು ಅಪ್ಪಯ್ಯ ಇಬ್ಬರೂ ಬೆಂಗಳೂರಿನಲ್ಲಿ ಹುಟ್ಟಿದವರು. ಅದುವರೆಗೆ ಹಿಂದಿ ಚಿತ್ರಗಳ ಕ್ಯಾಬರೆ ಹಾಡೆಂದರೆ ನಿಟ್ಟುಸಿರು, ಪಿಸುಮಾತು, ಆಮಂತ್ರಣ. ಆಶಾ ಭೋಸ್ಲೆ ಅದನ್ನೊಂದು ಕಲೆಯಾಗಿಯೇ ಬೆಳೆಸಿದ್ದರು. ನಾಝಿಯಾ ಅದ್ಯಾವುದನ್ನೂ ಮಾಡುವುದಿಲ್ಲ. ತೆರೆಯ ಮೇಲೆ ಝೀನತ್ ಅಮಾನ್ ಗಂಡಸರ ಕಣ್ಣುಗಳ ಮುಂದೆ ಕುಣಿಯುತ್ತಿದ್ದರೆ, ಹಿನ್ನೆಲೆಯ ದನಿ ಯಾರನ್ನೂ ಓಲೈಸದೆ ತನ್ನ ಪಾಡಿಗೆ ತಾನು ಹಾಡಿಕೊಳ್ಳುತ್ತದೆ. ಕ್ಯಾಮೆರಾ ಕೇಳಿದ್ದನ್ನು ಕಂಠ ಕೊಡುವುದಿಲ್ಲ. ಈ ಹಾಡಿಗೆ ಆಕೆ ಫಿಲ್ಮ್‌ಫೇರ್ ಪ್ರಶಸ್ತಿಯನ್ನೂ ಪಡೆದರು.

ಸೋದರ ಝೊಹೇಬ್ ಜೊತೆಗಿನ ‘ಡಿಸ್ಕೋ ದೀವಾನೆ’ (1981) ಯಾವ ಸಿನಿಮಾದ ಹಂಗೂ ಇಲ್ಲದೆ ಗೆದ್ದಿತು. ಮರುವರ್ಷ ‘ಸ್ಟಾರ್’ ಚಿತ್ರ ಸೋತರೂ ಅದರ ‘ಬೂಮ್ ಬೂಮ್’ ಉಳಿಯಿತು. ಇಲ್ಲಿ ಸಿಂಥಸೈಜರ್ ಕಂಠದ ಕೊರತೆಯನ್ನು ಮುಚ್ಚುತ್ತಿಲ್ಲ. ಏರಿಳಿತವಿಲ್ಲದ ತಾಳ, ಭಾವ ಪ್ರದರ್ಶಿಸದ ದನಿ, ಎರಡೂ ಸೇರಿದಾಗ ಕುಣಿತದ ನಡುವೆಯೇ ಒಂದು ಒಂಟಿತನ ಕೇಳಿಸುತ್ತದೆ. ಸಾಹಿತ್ಯ ತೆಳುವಾದದ್ದು, ನಿಜ. ಆದರೆ ಉರ್ದು ಬಲ್ಲ ಕಿವಿಗೆ ಪ್ರತಿ ಪದವೂ ಶುಭ್ರ.

ಪ್ರಭಾವವನ್ನು ಎರಡೂ ದೇಶಗಳಲ್ಲಿ ನೋಡಬಹುದು. ಝಿಯಾ ಆಡಳಿತ ಮುಗಿದ ಬಳಿಕ, 1989ರಲ್ಲಿ ಈ ಸೋದರ ಸೋದರಿ ಪಾಕಿಸ್ತಾನ ಟೆಲಿವಿಷನ್‌ನಲ್ಲಿ ನಡೆಸಿಕೊಟ್ಟ ‘ಮ್ಯೂಸಿಕ್ 89’ ಹೊಸ ಪಾಪ್ ತಂಡಗಳಿಗೆ ವೇದಿಕೆಯಾಯಿತು. ಭಾರತದಲ್ಲಿ ಬಿದ್ದು ಅವರೇ 1995ರಲ್ಲಿ ಅಲಿಶಾ ಚಿನಾಯ್ ಅವರ ‘ಮೇಡ್ ಇನ್ ಇಂಡಿಯಾ’ ಮೂಲಕ ಅದೇ ದಾರಿಯನ್ನು ಮುಂದುವರಿಸಿದರು.

ನಾಝಿಯಾ 2000ದ ಆಗಸ್ಟ್ 13ರಂದು ಶ್ವಾಸಕೋಶದ ಕ್ಯಾನ್ಸರ್‌ನಿಂದ ಲಂಡನ್‌ನಲ್ಲಿ ತೀರಿಕೊಂಡರು. ವಯಸ್ಸು ಕೇವಲ 35. ಆ ಬಳಿಕದ ರೀಮಿಕ್ಸ್‌ಗಳಲ್ಲಿ ತಾಳದ ಅಬ್ಬರ ಹೆಚ್ಚಿತು. ಆಕೆ ಬಿಟ್ಟಿದ್ದ ನಿಟ್ಟುಸಿರು, ಆಮಂತ್ರಣಗಳೂ ಮರಳಿ ಬಂದವು. ಆದರೆ 2012ರಲ್ಲಿ ‘ಸ್ಟೂಡೆಂಟ್ ಆಫ್ ದಿ ಇಯರ್’ ಚಿತ್ರಕ್ಕೆ ‘ಡಿಸ್ಕೋ ದೀವಾನೆ’ಯನ್ನು ಹೊಸದಾಗಿ ಮಾಡಿದವರು ಇಂದಿನ ಗಾಯಕರ ಜೊತೆಗೆ ನಾಝಿಯಾರ ಮೂಲ ದನಿಯನ್ನೂ ಉಳಿಸಿಕೊಂಡರು. ಯಂತ್ರಗಳೇ ಆಕೆಯನ್ನು ಮಾಡಿದ್ದವು ಎನ್ನುವುದಾದರೆ, 31 ವರ್ಷಗಳಲ್ಲಿ ಎಷ್ಟೋ ಮುಂದುವರಿದ ಯಂತ್ರಗಳಿಗೆ ಆ ದನಿ ಮತ್ತೆ ಏಕೆ ಬೇಕಾಯಿತು?