ಜಗಲಿಯ ಸಸಿ: ಬೀಜಕ್ಕೆ ನೂರು, ಬೆಳಕಿಗೆ ಸೊನ್ನೆ

ನಮ್ಮ ಕಡೆ ಮಳೆಗಾಲದ ತರಕಾರಿಯ ಹಣೆಬರಹ ಮೇ ತಿಂಗಳಲ್ಲೇ ತೀರ್ಮಾನವಾಗುತ್ತದೆ. ರೋಹಿಣಿ ಮಳೆ ಮುಗಿಯುವಷ್ಟರಲ್ಲಿ ಹೀರೆಬಳ್ಳಿ ಚಪ್ಪರದ ಕಾಲು ಹಿಡಿದಿರಬೇಕು. ಆರಿದ್ರೆ ಹಿಡಿದ ಮೇಲೆ ನೆಲಕ್ಕೆ ಹಾಕಿದ ಬೀಜ ಮೊಳೆಯುವ ಮೊದಲೇ ಕೊಳೆಯುತ್ತದೆ. ಮೊಳೆತದ್ದು ಬಸವನಹುಳುವಿನ ಪಾಲು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ, ಬಹುಪಾಲು ನಾಲ್ಕೇ ತಿಂಗಳಲ್ಲಿ. ಟೊರೊಂಟೊದ ಕನ್ನಡಿಗರು ಹಿಮಕ್ಕೆ ಹೆದರಿ ಕಿಟಕಿಯ ಪಕ್ಕ ಸಸಿ ಮಾಡಿಕೊಂಡು ಮೇ ಕೊನೆಯವರೆಗೆ ಕಾಯುತ್ತಾರೆ. ನಾವು ಮಳೆಗೆ ಹೆದರಿ ಅದೇ ಹೊತ್ತಿಗೆ ಓಡುತ್ತೇವೆ. ಹಾಗಾಗಿ ಸಾಗರ, ಹೊಸನಗರ, ತೀರ್ಥಹಳ್ಳಿಯ ಹಳೆಯ ಮನೆಗಳಲ್ಲಿ ಸಸಿ ಹುಟ್ಟುವುದು ಜಗಲಿಯ ಮೇಲೆ, ಸೂರಿನ ಕೆಳಗೆ.

ಈ ಪದ್ಧತಿಯನ್ನು ಹೊಗಳುವವರು ಬಹಳ. ನಾನೂ ಹೊಗಳುತ್ತೇನೆ, ಆದರೆ ಅರ್ಧಕ್ಕೆ ಮಾತ್ರ.

ಬೀಜದ ವಿಷಯದಲ್ಲಿ ನಮ್ಮ ಹೆಂಗಸರನ್ನು ಮೀರಿಸುವವರಿಲ್ಲ. ಚೆನ್ನಾಗಿ ಬಲಿತ ಮೊಗೆಕಾಯಿಯ ಬೀಜವನ್ನು ಅಮ್ಮ ಬೂದಿಯಲ್ಲಿ ಹೊರಳಿಸಿ ಒಲೆಯ ಪಕ್ಕದ ಗೋಡೆಗೆ ತಟ್ಟಿಬಿಡುತ್ತಿದ್ದಳು. ಬೂದಿ ತೇವ ಹೀರುತ್ತದೆ, ಹೊಗೆ ಹುಳುವನ್ನು ದೂರವಿಡುತ್ತದೆ. ಮೇ ಬಂದಾಗ ಉಗುರಿನಿಂದ ಕೆರೆದು ತೆಗೆದರೆ ಬೀಜ ಹೊಸದರಂತೆ ಇರುತ್ತಿತ್ತು. ಅಡಿಕೆ ಹಾಳೆಯ ದೊನ್ನೆಯೂ ಜಾಣತನದ್ದೇ. ಕಾಡುಮಣ್ಣು, ಪುಡಿಯಾದ ಕೊಟ್ಟಿಗೆ ಗೊಬ್ಬರ ತುಂಬಿ ಎರಡು ಬೀಜ ಊರುತ್ತಾರೆ. ಹೀರೆ, ಹಾಗಲ, ಪಡವಲ ಬೇರು ಅಲುಗಿದರೆ ಮುನಿಸಿಕೊಳ್ಳುವ ಜಾತಿ; ದೊನ್ನೆಯ ಸಮೇತ ಹೂತರೆ ಹಾಳೆ ಮಳೆಗೆ ತಾನೇ ಕರಗಿ ಹೋಗುತ್ತದೆ. ಪ್ಲಾಸ್ಟಿಕ್ ಕೊಟ್ಟೆ ಹರಿಯುವಾಗ ಆಗುವ ಗಾಯ ಇದರಲ್ಲಿಲ್ಲ.

ಸೋಲುವುದು ಬೆಳಕಿನಲ್ಲಿ. ನಮ್ಮ ಸೂರು ತಗ್ಗು. ಎರಚಲು ತಡೆಯಲು ಸೋಗೆ ತಟ್ಟಿ ಕಟ್ಟಿದರೆಂದರೆ ಜಗಲಿ ಹಗಲಲ್ಲೇ ಸಂಜೆ. ಸಸಿ ಬೆಳಕು ಹುಡುಕಿ ಬಾಗುತ್ತದೆ, ನೂಲಿನಂತೆ ಉದ್ದವಾಗುತ್ತದೆ, ನೆಟ್ಟ ದಿನವೇ ಮಲಗುತ್ತದೆ. ಬದನೆ, ಮೆಣಸಿನ ಬೀಜವನ್ನಂತೂ ಒಗ್ಗರಣೆಗೆ ಸಾಸಿವೆ ಹಾಕಿದಂತೆ ಒಡೆದ ಮಡಕೆಗೆ ಸುರಿಯುವುದು ರೂಢಿ. ಒತ್ತಾಗಿ ಎದ್ದ ಸಸಿಗಳ ಬುಡ ಒಂದು ಬೆಳಿಗ್ಗೆ ನೀರುಗಟ್ಟಿ ಸಣ್ಣಗಾಗಿ, ಮಧ್ಯಾಹ್ನಕ್ಕೆ ಅರ್ಧ ಮಡಕೆ ಅಡ್ಡಬಿದ್ದಿರುತ್ತದೆ. ಅದಕ್ಕೂ ಬೂದಿಯೇ ಮದ್ದು ಅನ್ನುತ್ತಾರೆ. ನನಗೆ ನಂಬಿಕೆಯಿಲ್ಲ. ತೆಳ್ಳಗೆ ಬಿತ್ತಿ ಗಾಳಿ ಆಡಲು ಬಿಟ್ಟರೆ ಮದ್ದೇ ಬೇಕಾಗದು.

ಹಾಗಾದರೆ ಪೇಟೆಯ ಪ್ರೋಟ್ರೇ ಸಸಿ ಮೇಲೇ? 98 ಗುಳಿಯ ತಟ್ಟೆ, ತೆಂಗಿನ ನಾರಿನ ಪುಡಿ, ಒಂದು ಗುಳಿಗೆ ಒಂದೇ ಬೀಜ. ಈ ಶಿಸ್ತನ್ನು ನಾವು ಕಣ್ಣುಮುಚ್ಚಿ ಕಲಿಯಬೇಕು. ನಮ್ಮ ಹುಳಿಮಣ್ಣಿನಲ್ಲಿ ಟೊಮೆಟೊ ಸೊರಗಿ ಸಾಯುವುದನ್ನು ಕಂಡವರಿಗೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ, ಸೊರಗು ತಡೆಯುವ ಟೊಮೆಟೊ ತಳಿ ಅರ್ಕ ರಕ್ಷಕ್ ದೊಡ್ಡ ಸಮಾಧಾನ. ಅದು ಸಂಕರ ತಳಿ, ಬೀಜವನ್ನು ಗೋಡೆಗೆ ತಟ್ಟಿಡುವಂತಿಲ್ಲ, ಅಷ್ಟೇ. ಆದರೆ ನೆರಳುಪರದೆಯ ಕೆಳಗೆ ಸುಖವಾಗಿ ಬೆಳೆದ ಸಸಿಗೆ ಹೊರಗಿನ ಗಾಳಿ ಗೊತ್ತಿಲ್ಲ. ಹೋದ ವರ್ಷ ತಂದ ಇಪ್ಪತ್ತು ಸಸಿಗಳನ್ನು ಬಂದ ದಿನವೇ ನೆಟ್ಟೆ. ಮರುದಿನದ ಬಿಸಿಲಿಗೆ ಎಲೆ ಸುಟ್ಟ ಹಪ್ಪಳವಾಯಿತು.

ಜಗಲಿಯವರೂ ಪೇಟೆಯವರೂ ಬಿಟ್ಟದ್ದು ಒಂದೇ ಕೆಲಸ: ಸಸಿಯನ್ನು ಹೊರಗಿನ ಬಿಸಿಲು-ಗಾಳಿಗೆ ಒಗ್ಗಿಸುವುದು. ನನ್ನ ಅತ್ತೆ ಮಾತ್ರ ಅದನ್ನು ಮಾಡುತ್ತಿದ್ದರು, ಹೆಸರಿಟ್ಟಿರಲಿಲ್ಲ ಅಷ್ಟೇ. ಬೆಳಗಿನ ಕಾಫಿ ಮುಗಿಸಿ ದೊನ್ನೆಗಳ ಹೆಡಿಗೆಯನ್ನು ತುಳಸಿಕಟ್ಟೆಯ ಪಕ್ಕ ಇಡುತ್ತಿದ್ದರು, ಬಿಸಿಲೇರಿದಾಗ ಒಳಗೆ. ಮರುದಿನ ಇನ್ನಷ್ಟು ಹೊತ್ತು, ನೀರು ಇನ್ನಷ್ಟು ಕಡಿಮೆ. ವಾರ ಕಳೆದರೆ ಕಾಂಡ ಬೆರಳಿಗೆ ಗಟ್ಟಿಯೆನಿಸುತ್ತಿತ್ತು.

ಈ ಸಲ ಜಗಲಿಯ ನಾಲ್ಕು ಹಂಚು ತೆಗೆದು ಗಾಜಿನ ಹಂಚು ಹೊದಿಸಿದ್ದೇನೆ. ಬದನೆಯ ಕಾಂಡ ಕುಳ್ಳಗೆ, ನೇರಳೆ ಬಣ್ಣಕ್ಕೆ ತಿರುಗಿದೆ. ಹೆಡಿಗೆ ಹೊರಗಿಟ್ಟ ಎರಡನೇ ದಿನ ಪಕ್ಕದ ಮನೆಯ ಕೋಳಿ ಆರು ದೊನ್ನೆ ಕೆದರಿತು. ಉಳಿದವು ಹಿತ್ತಲಿಗೆ ಹೋಗಿವೆ.