ಎಲೆಗಲ್ಲ, ಕಂದಿಗೆ ಬೆಲೆ

ಬಾಳೆತೋಟದಲ್ಲಿ ಎಲೆಯ ಮೇಲೆ ಬಿಳಿ ಗೀರು ಕಂಡರೆ ರೈತ ಮೊದಲು ಕೇಳುವುದು ಇದೇನು ರೋಗ ಎಂದು. ಅಂಥದ್ದೇ ಎಲೆ ಪೇಟೆಯ ನರ್ಸರಿಯ ಕುಂಡದಲ್ಲಿದ್ದರೆ ಗಿರಾಕಿ ಕೇಳುವುದು ಬೆಲೆ ಎಷ್ಟು ಎಂದು. ‘ವೇರಿಗೇಟೆಡ್’ ಎಂಬ ಚೀಟಿ ಅಂಟಿದ ಕೂಡಲೇ ಸಾಮಾನ್ಯ ಬಾಳೆಸಸಿಯ ಬೆಲೆಗೆ ಸೊನ್ನೆಗಳು ಸೇರಿಕೊಳ್ಳುತ್ತವೆ. ಕೊರೊನಾ ಕಾಲದಲ್ಲಿ ಬಿಳಿ ಮಚ್ಚೆಯ ಮಾನ್‌ಸ್ಟೆರಾ ಎಂಬ ಕುಂಡದ ಗಿಡಕ್ಕೆ ಹತ್ತಿದ ಹುಚ್ಚು ಬಾಳೆಯನ್ನೂ ಬಿಟ್ಟಿಲ್ಲ.

ಪಟ್ಟೆ ಬಾಳೆ ಸಾಕುವುದಕ್ಕೆ ನನ್ನ ವಿರೋಧವಿಲ್ಲ. ತಕರಾರಿರುವುದು ಆರಿಸುವ ರೀತಿಯ ಬಗ್ಗೆ. ಬಹುತೇಕ ಎಲ್ಲರೂ ಎಲೆ ನೋಡಿ ಮರುಳಾಗಿ ಕೊಳ್ಳುತ್ತಾರೆ. ಬಾಳೆಯಲ್ಲಿ ಎಲೆ ಕೆಲವು ತಿಂಗಳ ಮಾತು. ಗಿಡವೂ ಒಂದೇ ಗೊನೆ ಹಾಕಿ ಮುಗಿಯುತ್ತದೆ. ಮುಂದಕ್ಕೆ ಉಳಿಯುವುದು ಬುಡದಲ್ಲಿ ಒಡೆಯುವ ಮರಿ, ಅಂದರೆ ಕಂದು. ಆದ್ದರಿಂದ ಕಾಸು ಬಿಚ್ಚುವ ಮೊದಲು ಎರಡು ಪ್ರಶ್ನೆ ಕೇಳಿಕೊಂಡರೆ ಸಾಕು: ಇದು ರೋಗವಲ್ಲ ತಾನೆ? ಈ ಪಟ್ಟೆ ಕಂದಿಗೆ ಇಳಿಯುತ್ತದೆಯೇ?

ಪಟ್ಟೆ ಬಾಳೆಗಳ ಬಳಗದಲ್ಲಿ ಹೆಸರಾದ ಗಿಡ ಹವಾಯಿಯ ‘ಆಯೆ ಆಯೆ’. ಪಾಲಿನೇಷ್ಯನ್ನರು ದೋಣಿಗಳಲ್ಲಿ ಕಂದು ಹೊತ್ತು ತಂದು ಆ ದ್ವೀಪಗಳಲ್ಲಿ ಬಾಳೆ ಹಬ್ಬಿಸಿದರು. ಅಲ್ಲಿನ ‘ಕಪು’ ಕಟ್ಟಳೆಯಂತೆ ಕೆಲವೇ ತಳಿಗಳನ್ನು ಬಿಟ್ಟರೆ ಹೆಂಗಸರು ಬಾಳೆಹಣ್ಣು ತಿನ್ನುವಂತಿರಲಿಲ್ಲ. 1819ರಲ್ಲಿ ರಾಜ ಲಿಹೊಲಿಹೊ ಹೆಂಗಸರ ಪಂಕ್ತಿಯಲ್ಲಿ ಕೂತು ಉಂಡಾಗ ಆ ಕಟ್ಟಳೆ ಮುರಿದುಬಿತ್ತು. ಬಾಳೆಗೆ ಇಷ್ಟು ಮರ್ಯಾದೆ ಇದ್ದ ನೆಲದಲ್ಲಿ ಪಟ್ಟೆ ಬಾಳೆ ಉಳಿದುಕೊಂಡದ್ದು ಆಶ್ಚರ್ಯವಲ್ಲ. ತಳಿಯ ಲೆಕ್ಕದಲ್ಲಿ ಅದು ಎ, ಬಿ ಎಂಬ ಎರಡು ಕಾಡುಬಾಳೆಗಳ ಜೀನೋಮ್ ಬೆರೆತ ಎಎಬಿ ಗುಂಪಿನದು, ನಮ್ಮ ರಸಬಾಳೆ, ನೇಂದ್ರಗಳಿರುವ ದೊಡ್ಡ ಗುಂಪು. ಅಚ್ಚ ಬಿಳಿ, ಕೆನೆ, ಬೂದುಹಸಿರು, ಕಡುಹಸಿರು ಒಂದೇ ಎಲೆಯಲ್ಲಿ ಪಕ್ಕಪಕ್ಕ ಇರುತ್ತವೆ. ಎಲೆತೊಟ್ಟು, ದಿಂಡು ದಾಟಿ ಆ ಪಟ್ಟೆ ಕಾಯಿಯ ಸಿಪ್ಪೆಗೂ ಬರುತ್ತದೆ. ಕಾಯಿಯನ್ನು ಬೇಯಿಸಿ ತಿನ್ನಬಹುದು, ಹಣ್ಣಾದರೆ ಹಾಗೆಯೇ ತಿನ್ನಬಹುದು. ನನ್ನ ಮಟ್ಟಿಗೆ ಆಯೆ ಆಯೆಯ ಹಿರಿಮೆ ಇರುವುದು ಇಲ್ಲಿ: ಅದು ಮೊದಲು ಬಾಳೆ, ಆಮೇಲೆ ಅಲಂಕಾರ. ಮೊಬೈಲಿನಲ್ಲಿ ಹರಿದಾಡುವ ಚಿತ್ರಗಳಲ್ಲಿ ಮೂರೆಲೆಯ ಎಳೆಸಸಿ ಮಾತ್ರ ಕಾಣುತ್ತದೆ, ಗೊನೆ ಅಪರೂಪ.

ಪಟ್ಟೆ ಬಾಳೆಯ ಮೋಹ ಹೊಸದೇನಲ್ಲ. 1860ರ ದಶಕದಲ್ಲೇ ಯೂರೋಪಿನ ಗಾಜಿನಮನೆಗಳಲ್ಲಿ ಮೂಸಾ ವಿಟ್ಟಾಟಾ ಎಂಬ ಪಟ್ಟೆ ಬಾಳೆಯನ್ನು ಒಂದು ಹೊಸ ಜಾತಿಯೆಂದೇ ನಾಮಕರಣ ಮಾಡಿ ಮೆರೆಸಿದ್ದರು.

ಆದರೆ ಬಿಳಿ ಪಟ್ಟೆ ಜಾತಿಯ ಲಕ್ಷಣವಲ್ಲ. ಸಸ್ಯಶಾಸ್ತ್ರದವರು ಇದನ್ನು ಕೈಮೆರಾ ಎನ್ನುತ್ತಾರೆ. ಗೆಡ್ಡೆಯ ನಡುವಿನ ಬೆಳೆಯುವ ತುದಿಯಲ್ಲಿ ಎರಡು ಬಗೆಯ ಜೀವಕೋಶಗಳು ಒಟ್ಟಿಗೆ ಇರುತ್ತವೆ. ಒಂದು ಬಗೆಗೆ ಪತ್ರಹರಿತ್ತು ತಯಾರಿಸುವ ಶಕ್ತಿಯಿದೆ, ಇನ್ನೊಂದಕ್ಕಿಲ್ಲ. ಎಲೆಯ ಯಾವ ಭಾಗ ಯಾವ ಬಗೆಯಿಂದ ಹುಟ್ಟಿತೋ ಅದರ ಬಣ್ಣ ಅದಕ್ಕೆ. ಕಂದಿನ ಮೊಗ್ಗು ಒಡೆಯುವುದು ಗೆಡ್ಡೆಯ ಯಾವುದೋ ಒಂದು ಮಗ್ಗುಲಲ್ಲಿ. ಆ ಮಗ್ಗುಲಲ್ಲಿ ಹಸಿರೇ ಇದ್ದರೆ ಕಂದು ಪೂರ್ತಿ ಹಸಿರು. ಬಿಳಿಯೇ ಇದ್ದರೆ ಪೂರ್ತಿ ಬಿಳಿ. ಎರಡೂ ಬೆರೆತ ಜಾಗದಿಂದ ಬಂದರಷ್ಟೇ ಪಟ್ಟೆ. ಪೂರ್ತಿ ಬಿಳಿಯ ಕಂದು ಹಾಲು ಬಿಡದ ಕರುವಿನಂತೆ. ತಾಯಿಗೆಡ್ಡೆಗೆ ಅಂಟಿಕೊಂಡಿರುವಷ್ಟು ದಿನ ಬದುಕುತ್ತದೆ, ಬೇರ್ಪಡಿಸಿ ನೆಟ್ಟರೆ ಸಾಯುತ್ತದೆ. ದುರದೃಷ್ಟವೆಂದರೆ ಚಿತ್ರದಲ್ಲಿ ಅತಿ ಚೆಂದ ಕಾಣುವುದೂ, ಅತಿ ದುಬಾರಿಗೆ ಹೋಗುವುದೂ ಈ ಬಿಳಿಗೆ ಹತ್ತಿರವಾದ ಸಸಿಯೇ.

ಹಾಗಾಗಿ ಕೊಳ್ಳುವಾಗ ಎಲೆಯ ಬದಲು ಬುಡ ನೋಡಬೇಕು. ಕುಂಡವನ್ನು ಒಂದು ಸುತ್ತು ತಿರುಗಿಸಿ ದಿಂಡಿನ ಎಲ್ಲ ಮಗ್ಗುಲಲ್ಲೂ ಸಣ್ಣ ಸಣ್ಣ ಗೀರುಗಳು ಹರಡಿವೆಯೇ, ಅಥವಾ ಒಂದು ಮಗ್ಗುಲಿಗೆ ಬಿಳಿಯ ದೊಡ್ಡ ತುಂಡು ಬಿದ್ದು ಉಳಿದದ್ದೆಲ್ಲ ಹಸಿರೇ ಎಂದು ಗಮನಿಸಬೇಕು. ಮೊದಲನೆಯದರಲ್ಲಿ ಯಾವ ಮಗ್ಗುಲಿಂದ ಕಂದು ಒಡೆದರೂ ಪಟ್ಟೆಗೆ ಅವಕಾಶವಿದೆ. ಎರಡನೆಯದು ಜೂಜು. ಇತ್ತೀಚಿನ ಎರಡು ಮೂರು ಎಲೆಗಳನ್ನು ಹೋಲಿಸಿ ನೋಡಿದರೆ ಪಟ್ಟೆ ಹೆಚ್ಚುತ್ತಿದೆಯೋ ಕರಗುತ್ತಿದೆಯೋ ಎಂಬುದೂ ತಿಳಿಯುತ್ತದೆ. ಮಾರುವವರ ಬಳಿ ತಾಯಿಗಿಡ ಇದ್ದರೆ ಅದನ್ನು ತೋರಿಸಿ ಎಂದು ಕೇಳುವುದು ಇದೆಲ್ಲಕ್ಕಿಂತ ಒಳ್ಳೆಯದು; ತೋರಿಸಲು ತಡವರಿಸುವವರ ಹತ್ತಿರ ವ್ಯಾಪಾರ ಬೇಡ.

‘ಟಿಶ್ಯೂ ಕಲ್ಚರ್ ಗಿಡ, ಪಟ್ಟೆ ಗ್ಯಾರಂಟಿ’ ಎಂಬ ಮಾತನ್ನು ನಂಬಲು ಕಷ್ಟ. ಅಂಗಾಂಶ ಕೃಷಿಯಲ್ಲಿ ಒಂದು ತುದಿಯಿಂದ ನೂರಾರು ಚಿಗುರು ಒಡೆಸುತ್ತಾರೆ. ಬೆರೆತಿದ್ದ ಎರಡು ಬಗೆಯ ಕೋಶಗಳು ಆಗ ಬೇರೆಬೇರೆಯಾಗಿ, ಕೆಲವು ಚಿಗುರು ಹಸಿರು, ಕೆಲವು ಬಿಳಿ, ಸ್ವಲ್ಪವೇ ಪಟ್ಟೆ ಎಂದಾಗುತ್ತದೆ. ಪಟ್ಟೆ ಬಾಳೆ ಇಂದಿಗೂ ಅಗ್ಗವಾಗದಿರುವುದಕ್ಕೆ ಇದೇ ಮುಖ್ಯ ಕಾರಣ. ಇನ್ನು ಆನ್‌ಲೈನಿನಲ್ಲಿ ಪಟ್ಟೆ ಬಾಳೆಯ ‘ಬೀಜ’ ಮಾರುವವರ ಬಗ್ಗೆ ಚರ್ಚೆಯೇ ಬೇಡ, ಅದು ಮೋಸ.

ನನಗೆ ಹೆಚ್ಚು ಆತಂಕವಿರುವುದು ರೋಗದ ವಿಷಯದಲ್ಲಿ. ಬಾಳೆಯ ವೈರಸ್‌ಗಳು ಪಟ್ಟೆಯ ವೇಷ ಹಾಕುವುದರಲ್ಲಿ ನಿಪುಣ. ಸೌತೆ ಮೊಸಾಯಿಕ್ ವೈರಸ್ ಎಲೆಯಲ್ಲಿ ತಿಳಿಹಳದಿ ಗೀರು ಎಳೆಯುತ್ತದೆ. ಬನಾನಾ ಸ್ಟ್ರೀಕ್ ವೈರಸ್‌ನ ಗೀರುಗಳು ಮೊದಲು ಹಳದಿ, ಬರಬರುತ್ತ ಕಂದು, ಕಪ್ಪು. ಕೇರಳದ ನೇಂದ್ರ ತೋಟಗಳಲ್ಲಿ ‘ಕೊಕ್ಕನ್’ ಎಂದು ಕರೆಯುವ ಬ್ರಾಕ್ಟ್ ಮೊಸಾಯಿಕ್ ಬಂದರೆ ದಿಂಡಿನ ಮೇಲೆ ಗುಲಾಬಿ ಕೆಂಪಿನ ಉದ್ದ ಗೆರೆಗಳು ಮೂಡುತ್ತವೆ. ಗೊತ್ತಿಲ್ಲದವರ ಕಣ್ಣಿಗೆ ಅದೊಂದು ಅಪರೂಪದ ‘ಪಿಂಕ್’ ತಳಿ. ಸ್ಟ್ರೀಕ್ ವೈರಸ್‌ನ ಕಥೆ ಇನ್ನೂ ವಿಚಿತ್ರ. ಎಎಬಿಯಂಥ ಮಿಶ್ರ ತಳಿಗಳ ಬಿ ಜೀನೋಮಿನಲ್ಲೇ ಅದರ ವಂಶವಾಹಿ ಸೇರಿಕೊಂಡು ಮಲಗಿರಬಹುದು. ಅಂಗಾಂಶ ಕೃಷಿಯ ಒತ್ತಡಕ್ಕೆ ಅದು ಎದ್ದು ಕೂರುವುದುಂಟು.

ಕೈಮೆರಾದ ಪಟ್ಟೆಗೂ ವೈರಸ್ಸಿನ ಗೀರಿಗೂ ವ್ಯತ್ಯಾಸ ಕಾಣುವುದು ಅಂಚಿನಲ್ಲಿ. ಕೈಮೆರಾದಲ್ಲಿ ಬಿಳಿ ಎಲ್ಲಿ ಮುಗಿದು ಹಸಿರು ಎಲ್ಲಿ ಶುರುವಾಗುತ್ತದೆಂದು ಸ್ಪಷ್ಟ. ಪಟ್ಟೆ ನಡುದಂಟಿನಿಂದ ಎಲೆಯಂಚಿನ ತನಕ ನರದ ಜೊತೆ ಓಡುತ್ತದೆ, ತೊಟ್ಟಿನಲ್ಲೂ ಮುಂದುವರಿಯುತ್ತದೆ. ವೈರಸ್ಸಿನದು ತುಂಡುತುಂಡು, ಮಸುಕು, ಒಂದು ಎಲೆಯಲ್ಲಿ ಜೋರಾಗಿದ್ದು ಮುಂದಿನದರಲ್ಲಿ ಮಾಯ. ಎಲೆ ಸೊಟ್ಟಗಾಗಿದ್ದರೆ, ಸುಳಿ ಕೊಳೆತಿದ್ದರೆ, ಹೊಸ ಎಲೆಗಳು ಕಿರಿದಾಗಿ ಮೇಲಕ್ಕೆ ಗೊಂಚಲಾಗಿ ನಿಂತಿದ್ದರೆ ಬೆಲೆ ಕೇಳುವುದೂ ಬೇಡ. ಕಬ್ಬಿಣದ ಕೊರತೆಯಲ್ಲೂ ಹೊಸ ಎಲೆ ಬಿಳಿಚುತ್ತದೆ. ಗೊಬ್ಬರ ಕೊಟ್ಟ ಮೇಲೆ ಹಸಿರಾಗುವ ಆ ಗಿಡವನ್ನು ಪಟ್ಟೆ ಬಾಳೆಯೆಂದು ಕೊಂಡವರು ಗೊಬ್ಬರವನ್ನು ಬೈಯುತ್ತಾರೆ.

ಇದೆಲ್ಲ ತಾರಸಿಯ ಒಂದು ಕುಂಡಕ್ಕೆ ಸೀಮಿತ ಎಂದುಕೊಳ್ಳುವಂತಿಲ್ಲ, ಏಕೆಂದರೆ ವೈರಸ್ ಹರಡುವ ಸಸ್ಯಹೇನುಗಳಿಗೆ ಅಲಂಕಾರದ ಬಾಳೆ, ಬೆಳೆಯ ಬಾಳೆ ಎಂಬ ಭೇದವಿಲ್ಲ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಲ್ಲಿ ಶುರುಮಾಡಿದ ಪ್ರಮಾಣೀಕರಣ ವ್ಯವಸ್ಥೆಯಲ್ಲಿ ಅಂಗಾಂಶ ಕೃಷಿಯ ಬಾಳೆಗೆ ವೈರಸ್ ಪರೀಕ್ಷೆ ಇದೆ. ಅಲಂಕಾರದ ಗಿಡ ಕೈಯಿಂದ ಕೈಗೆ ದಾಟುವಾಗ ಅಂಥ ಚೀಟಿಯನ್ನು ಯಾರೂ ಕೇಳುವುದಿಲ್ಲ. ಥಾಯ್ಲೆಂಡಿನಿಂದ ಸೂಟ್‌ಕೇಸಿನಲ್ಲಿ ಕಂದು ತಂದೆ ಎಂದು ಹೆಮ್ಮೆಪಡುವವರಂತೂ ಕಾನೂನನ್ನು ಮುರಿದಿರುತ್ತಾರೆ, ಜೊತೆಗೆ ಬೇರಿಗಂಟಿದ ಮಣ್ಣನ್ನೂ ತಂದಿರುತ್ತಾರೆ. ಪನಾಮಾ ಸೊರಗು ರೋಗ ಬರುವುದು ಮಣ್ಣಿನಿಂದ. ನಂಜನಗೂಡು ರಸಬಾಳೆಯನ್ನು ಬಹುತೇಕ ನುಂಗಿ ಹಾಕಿದ್ದು ಅದು. ಅದರ ಇನ್ನೂ ಉಗ್ರ ರೂಪವಾದ ಟಿಆರ್4 ಈಗಾಗಲೇ ಬಿಹಾರ, ಉತ್ತರ ಪ್ರದೇಶದ ತೋಟಗಳನ್ನು ಹೊಕ್ಕಿದೆ. ಮನೆಯ ಹಿತ್ತಲಲ್ಲಿ ಏಲಕ್ಕಿ ಬಾಳೆಯೋ ರಸಬಾಳೆಯೋ ಇರುವವರು ಗುರುತಿಲ್ಲದ ಪಟ್ಟೆ ಬಾಳೆಯನ್ನು ಅದರ ಪಕ್ಕ ನೆಡುವುದು ಅವಿವೇಕ.

ಬೆಳೆಸುವುದು ಆರಿಸುವುದರಷ್ಟು ಕಷ್ಟವಲ್ಲ. ಬಿಳಿ ಭಾಗಕ್ಕೆ ಬಿಸಿಲು ತಡೆಯುವ ಶಕ್ತಿ ಇಲ್ಲ. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಜಾಗ ಸರಿ. ಬೆಂಗಳೂರಿನ ಬರಿ ತಾರಸಿಯಲ್ಲಿ ಏಪ್ರಿಲ್ ಹೊತ್ತಿಗೆ ಬಿಳಿ ಪಟ್ಟೆಗಳು ಕಂದು ಕಾಗದವಾಗುತ್ತವೆ. ಕರಾವಳಿಯ ತೇವ ಇದಕ್ಕೆ ಹಿತ, ಅಲ್ಲಿನ ಮಳೆಗಾಲದ ಗಾಳಿ ಮಾತ್ರ ಎಲೆ ಸೀಳುತ್ತದೆ. ಅರ್ಧ ಎಲೆಯೇ ಅಡುಗೆ ಮಾಡಿ ಇಡೀ ಗಿಡವನ್ನು ಸಾಕಬೇಕಾದ್ದರಿಂದ ಬೆಳವಣಿಗೆ ನಿಧಾನ. ಅವಸರಪಟ್ಟು ಗೊಬ್ಬರ ಸುರಿಯಬಾರದು. ನೀರು ನಿಲ್ಲದ ಮಣ್ಣು, ಬುಡಕ್ಕೆ ಒಣಗಿದ ಎಲೆಯ ಹೊದಿಕೆ, ದೊಡ್ಡ ಕುಂಡ ಅಥವಾ ನೆಲ.

ಕೆಂಪು ಮಚ್ಚೆಯ ಬಾಳೆಯ ವಿಷಯ ಬೇರೆ. ‘ಬ್ಲಡ್ ಬನಾನಾ’ ಎಂದೂ ಕರೆಯುವ ಜಾವಾದ ಝೆಬ್ರಿನಾ ಬಾಳೆಯ ಕೆಂಪು ಆಂಥೋಸಯನಿನ್ ಎಂಬ ವರ್ಣದ್ರವ್ಯದ್ದು. ಅದು ಕಾಡುಬಾಳೆಯ ಹುಟ್ಟುಗುಣ, ಕಂದಿನಿಂದ ಕಂದಿಗೆ ಇಳಿಯುತ್ತದೆ, ಅಗ್ಗವೂ ಹೌದು. ಮನೆ ಮುಂದೆ ಬಣ್ಣದ ಬಾಳೆ ಬೇಕು ಎನ್ನುವ ಹತ್ತರಲ್ಲಿ ಒಂಬತ್ತು ಮಂದಿಗೆ ನನ್ನ ಶಿಫಾರಸು ಇದೇ. ಇಲ್ಲೂ ಒಂದು ಬಲೆಯಿದೆ: ಪಚ್ಚಬಾಳೆಯ ಬಳಗದ ಎಳೆಯ ಟಿಶ್ಯೂ ಕಲ್ಚರ್ ಸಸಿಗಳ ಎಲೆಯಲ್ಲೂ ಕಡುಕೆಂಪು ಮಚ್ಚೆ ಇರುತ್ತದೆ, ದೊಡ್ಡದಾಗುತ್ತಾ ಅಳಿಸಿಹೋಗುತ್ತದೆ. ಒಂದಡಿಯ ಸಸಿ ನೋಡಿ ‘ಬ್ಲಡ್ ಬನಾನಾ’ ಎಂದು ಕೊಂಡವರ ಮನೆಯಲ್ಲಿ ವರ್ಷ ಕಳೆಯುವಷ್ಟರಲ್ಲಿ ಮಾಮೂಲು ಪಚ್ಚಬಾಳೆ ನಿಂತಿರುತ್ತದೆ.

ಆಯೆ ಆಯೆಯನ್ನೇ ಸಾಕುವವರಿಗೆ ನಿಜವಾದ ಕೆಲಸ ಶುರುವಾಗುವುದು ಕಂದುಗಳು ತಲೆಯೆತ್ತಿದಾಗ. ಹಸಿರು ಕಂದು ಯಾವಾಗಲೂ ಬೇಗ ಬೆಳೆದು ಪಟ್ಟೆಯದನ್ನು ಹಿಂದಕ್ಕೆ ತಳ್ಳುತ್ತದೆ, ಆದ್ದರಿಂದ ಅದನ್ನು ಎಳೆಯದಾಗಿದ್ದಾಗಲೇ ಬುಡದಿಂದ ತೆಗೆಯಬೇಕು. ಬಿಳಿಯದನ್ನೂ ಉಳಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ, ತಾಯಿಗೆ ಅದು ಹೊರೆ. ಎರಡೂ ಬಣ್ಣ ಸಣ್ಣಗೆ ಬೆರೆತ ಒಂದನ್ನು ಉಳಿಸಿ, ಅದಕ್ಕೆ ಸ್ವಂತ ಬೇರು, ನಾಲ್ಕಾರು ಎಲೆ ಬರುವ ತನಕ ತಾಯಿಯಿಂದ ಬೇರ್ಪಡಿಸದೆ ಬಿಡಬೇಕು. ಇಷ್ಟೆಲ್ಲ ಮಾಡಿದರೂ ಒಂದು ತಲೆಮಾರಿನಲ್ಲಿ ಎಲ್ಲ ಕಂದುಗಳೂ ಹಸಿರೇ ಬರಬಹುದು. ಆಗ ಮಾರಿದವರ ಮೇಲೆ ಜಗಳಕ್ಕೆ ಹೋಗಿ ಫಲವಿಲ್ಲ, ಗಿಡವನ್ನು ಕಿತ್ತೆಸೆಯುವುದೂ ಬೇಕಿಲ್ಲ. ಬಿಳಿಯ ಹೊರೆ ಇಳಿದ ಮೇಲೆ ಅದು ಬೇಗ ಬೆಳೆದು ಒಳ್ಳೆಯ ಗೊನೆಯನ್ನೇ ಹಾಕುತ್ತದೆ. ಕಾಯಿ ಬಜ್ಜಿಗಾಗುತ್ತದೆ.