ಇಬ್ಬರ ನಡುವೆ ನಿಂತದ್ದು ಏನು?

ಪ್ರೇಮ ಕಾದಂಬರಿಯೊಂದರ ಕಥೆಯನ್ನು ಎರಡೇ ವಾಕ್ಯದಲ್ಲಿ ಹೇಳಬೇಕಾಗಿ ಬಂದರೆ ಮೊದಲ ವಾಕ್ಯ ಎಲ್ಲ ಕಾದಂಬರಿಗಳಿಗೂ ಒಂದೇ: ಇಬ್ಬರು ಒಬ್ಬರನ್ನೊಬ್ಬರು ಮೆಚ್ಚಿದರು. ವ್ಯತ್ಯಾಸವೆಲ್ಲ ಇರುವುದು ಎರಡನೆಯ ವಾಕ್ಯದಲ್ಲಿ, ಅವರು ಕೂಡಲೇ ಒಂದಾಗದಂತೆ ತಡೆದದ್ದು ಏನು ಎಂಬಲ್ಲಿ. ಆ ತಡೆ ಎಷ್ಟು ಗಟ್ಟಿಯೋ ಕಾದಂಬರಿಯೂ ಅಷ್ಟೇ ಗಟ್ಟಿ. ಸಂಭಾಷಣೆಯ ಚುರುಕು, ಕಣ್ಣೀರು, ಸುಖಾಂತ್ಯ, ದುಃಖಾಂತ್ಯ ಇವೆಲ್ಲ ಆಮೇಲಿನ ಮಾತು. 2009ರಿಂದೀಚೆಗೆ ಹೆಚ್ಚು ಓದಿಸಿಕೊಂಡ ಇಂಗ್ಲಿಷ್ ಪ್ರೇಮ ಕಾದಂಬರಿಗಳನ್ನು ಈ ಅಳತೆಯಿಂದ ನೋಡಬೇಕೆನಿಸುತ್ತದೆ. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಅಂಗಡಿಗಳಲ್ಲಿ ರಾಶಿ ಬಿದ್ದಿರುವ, ಕಾಲೇಜು ಹುಡುಗ ಹುಡುಗಿಯರ ಕೈಯಿಂದ ಕೈಗೆ ದಾಟುವ ಪುಸ್ತಕಗಳಿವು. ನಮ್ಮ ಪತ್ರಿಕೆಗಳ ವಿಮರ್ಶೆಯ ಪುಟಗಳಲ್ಲಿ ಇವುಗಳ ಹೆಸರು ಕಾಣುವುದೇ ಅಪರೂಪ.

ಹಿಂದೆ ತಡೆಯನ್ನು ಹುಡುಕಬೇಕಾದ ಕಷ್ಟ ಕಾದಂಬರಿಕಾರರಿಗೆ ಇರಲಿಲ್ಲ. ಜೇನ್ ಆಸ್ಟಿನ್ ತೀರಿಕೊಂಡ ಮೇಲೆ 1817ರ ಕೊನೆಯಲ್ಲಿ ಹೊರಬಂದ 'ಪರ್ಸುಯೇಷನ್' ಕಾದಂಬರಿಯಲ್ಲಿ ಆ್ಯನ್ ಎಲಿಯಟ್ ತಾನು ಒಪ್ಪಿದ ಹುಡುಗನನ್ನು ಬಿಡುವುದು ಅವನ ಬಳಿ ಹಣವಿಲ್ಲವೆಂದು ಹಿರಿಯರು ಬುದ್ಧಿ ಹೇಳಿದ್ದರಿಂದ. ಎಂಟು ವರ್ಷ ಕಳೆದು ಅವನು ನೌಕಾಪಡೆಯ ಕ್ಯಾಪ್ಟನ್ ಆಗಿ ಇಪ್ಪತ್ತೈದು ಸಾವಿರ ಪೌಂಡಿನೊಂದಿಗೆ ಮರಳುತ್ತಾನೆ. ಪ್ರೇಮದ ಅಡ್ಡಿಗೆ ಆಸ್ಟಿನ್ ಅಂಕಿಯಲ್ಲೇ ಬೆಲೆ ಕಟ್ಟುತ್ತಾರೆ, ಅದರಿಂದ ಪ್ರೇಮವೇನೂ ಸಣ್ಣದಾಗುವುದಿಲ್ಲ. ನಮ್ಮ ತ್ರಿವೇಣಿಯವರ 'ಬೆಳ್ಳಿಮೋಡ'ದಲ್ಲೂ ಲೆಕ್ಕ ಅಷ್ಟೇ ನಿಚ್ಚಳ. ಎಸ್ಟೇಟಿನ ಒಡೆಯನ ಒಬ್ಬಳೇ ಮಗಳನ್ನು ಮದುವೆಯಾಗಲು ಒಪ್ಪಿದ್ದ ಹುಡುಗ, ಆ ಮನೆಯಲ್ಲಿ ಗಂಡುಮಗು ಹುಟ್ಟಿ ಆಸ್ತಿಯ ದಿಕ್ಕು ಬದಲಾದ ಕೂಡಲೇ ಹಿಂದೆ ಸರಿಯುತ್ತಾನೆ. ಪುಟ್ಟಣ್ಣ ಕಣಗಾಲರ 1967ರ ಚಿತ್ರದಿಂದ ಈ ಕಥೆ ಓದದವರಿಗೂ ಗೊತ್ತು. ತೊಟ್ಟಿಲ ಕೂಸೊಂದು ಅಕ್ಕನ ಮದುವೆಯನ್ನು ಮುರಿಯುವ ಈ ಹೂಟದಲ್ಲಿ ಆಸ್ತಿ, ಗಂಡುಸಂತಾನದ ಹಂಬಲ, ವರನ ಲೆಕ್ಕಾಚಾರ ಎಲ್ಲವೂ ಒಂದೇ ಗಂಟಿನಲ್ಲಿವೆ. ಭಾವುಕತೆಯ ಲೇಖಕಿ ಎಂದು ತ್ರಿವೇಣಿಯವರನ್ನು ಪಕ್ಕಕ್ಕಿಟ್ಟ ವಿಮರ್ಶಕರು ಇದನ್ನು ಸರಿಯಾಗಿ ಗಮನಿಸಿದಂತೆ ತೋರುವುದಿಲ್ಲ.

ಇವತ್ತಿನ ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ನಡೆಯುವ ಪ್ರೇಮಕ್ಕೆ ಇಂಥ ತಡೆಗಳು ಸುಲಭವಾಗಿ ಸಿಗವು. ಇಬ್ಬರೂ ವಯಸ್ಕರು, ಇಬ್ಬರಿಗೂ ಕೆಲಸವಿದೆ, ಸ್ವಂತ ಕೋಣೆಯಿದೆ, ಜೇಬಿನಲ್ಲಿ ಫೋನಿದೆ. ಅಪ್ಪ ಅಮ್ಮನ ಒಪ್ಪಿಗೆ ಯಾರಿಗೂ ಬೇಕಿಲ್ಲ. ಹೀಗಾಗಿ ಕಾದಂಬರಿಕಾರರು ತಡೆಯನ್ನು ಮನಸ್ಸಿನೊಳಕ್ಕೆ ಸಾಗಿಸಿದ್ದಾರೆ. ಬಾಲ್ಯದ ಗಾಯ, ಹಳೆಯ ಸಂಬಂಧದ ಭಯ, ಹೇಳದೆ ಉಳಿಸಿಕೊಂಡ ಗುಟ್ಟು, ಇವುಗಳಲ್ಲಿ ಯಾವುದಾದರೊಂದು ಮುಕ್ಕಾಲು ಪುಸ್ತಕ ಮುಗಿಯುವ ಹೊತ್ತಿಗೆ ಜೋಡಿಯನ್ನು ಬೇರೆ ಮಾಡುತ್ತದೆ, ಕೊನೆಯ ಅಧ್ಯಾಯಗಳಲ್ಲಿ ಒಂದು ಮನಬಿಚ್ಚಿದ ಮಾತಿನಿಂದ ಕರಗಿಹೋಗುತ್ತದೆ. ಮಾತಾಡಿದರೆ ಕರಗುವುದು ತಡೆಯಲ್ಲ, ಬರೀ ವಿಳಂಬ. ಎಮಿಲಿ ಹೆನ್ರಿಯವರ 'ಬುಕ್ ಲವರ್ಸ್' (2022) ಈ ಗುಂಪಿನಲ್ಲಿ ಜಾಣ ಪುಸ್ತಕ. ನ್ಯೂಯಾರ್ಕಿನ ಸಾಹಿತ್ಯ ಏಜೆಂಟ್ ನೋರಾಳಿಗೆ ಊರು ಬಿಡಲಾಗದು, ಸಂಪಾದಕ ಚಾರ್ಲಿಗೆ ಹಳ್ಳಿಯಲ್ಲಿರುವ ಹೆತ್ತವರನ್ನೂ ಅವರ ಪುಸ್ತಕದಂಗಡಿಯನ್ನೂ ಬಿಡಲಾಗದು. ಉದ್ಯೋಗ ಒಂದು ಕಡೆ, ಮನೆಯ ಹೊಣೆ ಇನ್ನೊಂದು ಕಡೆ. ಇದು ನಿಜವಾದ ತಡೆ, ಯಾವ ಮಾತೂ ಇದನ್ನು ಕರಗಿಸಲಾರದು. ಆದರೆ ಕೊನೆಯಲ್ಲಿ ನೋರಾಳ ತಂಗಿಯೇ ಆ ಹಳ್ಳಿಗೆ ಬಂದು ನೆಲೆಸಿ ಅಂಗಡಿ ನೋಡಿಕೊಳ್ಳುತ್ತಾಳೆ, ಚಾರ್ಲಿ ಬಿಡುಗಡೆಯಾಗಿ ನ್ಯೂಯಾರ್ಕಿಗೆ ಹೊರಡುತ್ತಾನೆ. ಗಟ್ಟಿ ಪ್ರಶ್ನೆ ಎತ್ತಿದ ಲೇಖಕಿ ಉತ್ತರದ ಖರ್ಚನ್ನು ಬೇರೊಂದು ಪಾತ್ರದ ಮೇಲೆ ಹೊರಿಸಿ ಕೈತೊಳೆದುಕೊಳ್ಳುತ್ತಾರೆ.

ಐರ್ಲೆಂಡಿನ ಸ್ಯಾಲಿ ರೂನಿಯವರ 'ನಾರ್ಮಲ್ ಪೀಪಲ್' (2018) ಮೇಲ್ನೋಟಕ್ಕೆ ಇದೇ ಜಾತಿಯದು ಅನ್ನಿಸುತ್ತದೆ. ಮೇರಿಯಾನ್ ಮತ್ತು ಕಾನೆಲ್ ಸಣ್ಣ ಊರಿನ ಶಾಲೆಯಲ್ಲಿ ಸಹಪಾಠಿಗಳು, ಆಮೇಲೆ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ವಿದ್ಯಾರ್ಥಿಗಳು. 2011ರಿಂದ 2015ರವರೆಗೆ ಸೇರುತ್ತಾರೆ, ಬೇರೆಯಾಗುತ್ತಾರೆ, ಮತ್ತೆ ಸೇರುತ್ತಾರೆ. ಒಂದು ಬೇಸಿಗೆಯಲ್ಲಿ ಅವರು ಬೇರೆಯಾಗುವ ಕಾರಣವಂತೂ ನಂಬಲಾಗದಷ್ಟು ಚಿಕ್ಕದು. ಹೋಟೆಲಿನ ಕೆಲಸ ಕಡಿಮೆಯಾದದ್ದರಿಂದ ಕಾನೆಲ್‌ಗೆ ಕೋಣೆಯ ಬಾಡಿಗೆ ಕಟ್ಟಲು ಆಗುವುದಿಲ್ಲ. ನಿನ್ನ ಮನೆಯಲ್ಲಿ ಇರಲೇ ಎಂದು ಮೇರಿಯಾನಳನ್ನು ಕೇಳಿದ್ದರೆ ಅವಳು ಹೂಂ ಅನ್ನುತ್ತಿದ್ದಳು. ಅವನು ಕೇಳುವುದಿಲ್ಲ. ಊರಿಗೆ ಹೋಗುತ್ತೇನೆ ಎನ್ನುತ್ತಾನೆ. ತನ್ನನ್ನು ಬಿಟ್ಟು ಹೊರಟಿದ್ದಾನೆಂದು ಅವಳು ತಿಳಿಯುತ್ತಾಳೆ. ಒಂದೇ ಒಂದು ಮಾತಿನಿಂದ ಬಗೆಹರಿಯಬಹುದಾಗಿದ್ದ ಇದನ್ನು ಕಾದಂಬರಿ ಅಂತ ಹೇಗೆ ಕರೆಯುವುದು ಎಂದು ಈ ಪುಸ್ತಕವನ್ನು ಒಪ್ಪದವರು ಕೇಳುತ್ತಾರೆ.

ಆಕ್ಷೇಪಣೆ ನ್ಯಾಯವಾದದ್ದೇ, ಆದರೆ ಆ ಮಾತು ಅವನ ಬಾಯಿಂದ ಯಾಕೆ ಹೊರಡುವುದಿಲ್ಲ ಎಂಬುದನ್ನು ಅದು ಗಮನಿಸುವುದಿಲ್ಲ. ಕಾನೆಲ್‌ನ ತಾಯಿ ಲೊರೇನ್ ಮನೆಗೆಲಸ ಮಾಡಿ ಸಂಬಳ ತರುವುದು ಮೇರಿಯಾನಳ ಮನೆಯಿಂದಲೇ. ಅಮ್ಮ ನೆಲ ಒರೆಸುವ ಮನೆಯ ಹುಡುಗಿಯ ಮುಂದೆ ತಲೆಯ ಮೇಲೊಂದು ಸೂರು ಕೇಳುವುದು ಅವನಿಂದಾಗದ ಕೆಲಸ. ಹಣ ಇರುವವಳಿಗೆ ಆ ಮುಜುಗರ ಹೊಳೆಯುವುದೂ ಇಲ್ಲ. ಹೊರಗಡೆಯಿಂದ ತಪ್ಪು ತಿಳಿವಳಿಕೆಯಂತೆ ಕಾಣುವುದರ ಒಳಗೆ ಕೂತಿರುವುದು ವರ್ಗ. 2008ರ ಆರ್ಥಿಕ ಕುಸಿತದಿಂದ ಇನ್ನೂ ಚೇತರಿಸಿಕೊಳ್ಳದ ಐರ್ಲೆಂಡಿನಲ್ಲಿ ಈ ಕಥೆ ನಡೆಯುತ್ತದೆ ಎಂಬುದನ್ನೂ ಮರೆಯುವಂತಿಲ್ಲ. ಮುಂದೆ ಇಬ್ಬರೂ ಕಾಲೇಜಿನ ಒಂದೇ ವಿದ್ಯಾರ್ಥಿವೇತನ ಗೆದ್ದಾಗ ಅವಳಿಗೆ ಅದು ಬರೀ ಗೌರವ, ಅವನಿಗೆ ವಸತಿ, ಊಟ, ಪ್ರವಾಸ, ಒಟ್ಟಿನಲ್ಲಿ ಇಡೀ ಬದುಕು. ಒಂದೇ ಬಹುಮಾನ ಇಬ್ಬರ ಕೈಯಲ್ಲಿ ಎರಡು ಬೇರೆ ವಸ್ತುಗಳಾಗುವುದನ್ನು ರೂನಿ ದನಿ ಏರಿಸದೆ ಬರೆಯುತ್ತಾರೆ. ಲೊರೇನಳ ಪಾತ್ರವೂ ಹಾಗೆಯೇ. ಶಾಲೆಯ ಬೀಳ್ಕೊಡುಗೆ ನೃತ್ಯಕ್ಕೆ ಮಗ ಮೇರಿಯಾನಳನ್ನು ಬಿಟ್ಟು ಬೇರೊಬ್ಬಳನ್ನು ಕರೆದನೆಂದು ತಿಳಿದು ಅವಳು ಅವನ ಕಾರಿನಿಂದಿಳಿದು ಬಸ್ಸು ಹಿಡಿಯುತ್ತಾಳೆ. ಇಡೀ ಪುಸ್ತಕದ ನೈತಿಕ ತೂಕ ಆ ಮನೆಗೆಲಸದವಳ ಮೇಲಿದೆ. ಕಾದಂಬರಿ ಸೋಲುವುದು ಮೇರಿಯಾನಳ ಮನೆಯೊಳಗೆ. ಕ್ರೂರಿ ಅಣ್ಣ, ತಣ್ಣಗಿನ ತಾಯಿ, ಇಬ್ಬರೂ ರಟ್ಟಿನ ಬೊಂಬೆಗಳು. ತನ್ನನ್ನು ನೋಯಿಸುವ ಗಂಡಸರನ್ನೇ ಅವಳು ಆರಿಸಿಕೊಳ್ಳುವುದಕ್ಕೆ ಇವರನ್ನೇ ಕಾರಣವೆಂದು ಮುಂದೊಡ್ಡಿದಾಗ, ಹಣದ ವಿಷಯದಲ್ಲಿ ಅಷ್ಟು ಸೂಕ್ಷ್ಮವಾಗಿದ್ದ ಲೇಖಕಿ ಇಲ್ಲಿ ಸಿದ್ಧ ಸೂತ್ರಕ್ಕೆ ಇಳಿದಂತೆ ಕಾಣುತ್ತದೆ.

ಡೇವಿಡ್ ನಿಕಲ್ಸ್ ಅವರ 'ಒನ್ ಡೇ' (2009) ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1988ರ ಜುಲೈ 15ರಂದು ಎಡಿನ್‌ಬರೋದಲ್ಲಿ ಜೊತೆಯಾದ ಎಮಾ ಮತ್ತು ಡೆಕ್ಸ್‌ಟರ್ ಅವರನ್ನು ಪ್ರತಿವರ್ಷ ಅದೇ ತಾರೀಖಿನಂದು ನೋಡುತ್ತಾ ಹೋಗುವ ತಂತ್ರ ಚೆಲುವಾದದ್ದು. ಎಮಾ ಮೆಕ್ಸಿಕನ್ ಹೋಟೆಲಿನಲ್ಲಿ ತಟ್ಟೆ ಹೊರುತ್ತಾ ವರ್ಷಗಳನ್ನು ಸವೆಸುತ್ತಿರುವಾಗ ಡೆಕ್ಸ್‌ಟರ್ ಅಪ್ಪನ ಹಣದಲ್ಲಿ ದೇಶ ಸುತ್ತುವ ಭಾಗ ಇವತ್ತಿಗೂ ಚುಚ್ಚುತ್ತದೆ. ಆದರೆ ವರ್ಷಗಟ್ಟಲೆ ಸತಾಯಿಸಿ ಕೊನೆಗೆ ಮದುವೆ ಮಾಡಿಸಿದ ಮೇಲೆ ಆ ಮದುವೆಯನ್ನು ಬರೆಯುವ ಹೊತ್ತಿಗೆ ಲೇಖಕರು ರಸ್ತೆ ಅಪಘಾತವೊಂದನ್ನು ತರುತ್ತಾರೆ. ಓದುಗರು ಅಳುತ್ತಾರೆ, ನಿಜ. ದಿನವೂ ಒಂದೇ ಮನೆಯಲ್ಲಿ ಬಾಳುವ ಇಬ್ಬರ ನಡುವೆ ಏಳುವ ತಡೆಯನ್ನು ಬರೆಯುವ ಕಷ್ಟ ಮಾತ್ರ ಲೇಖಕರಿಗೆ ತಪ್ಪುತ್ತದೆ.

ಕಾಲೀನ್ ಹೂವರ್ ಅವರ 'ಇಟ್ ಎಂಡ್ಸ್ ವಿತ್ ಅಸ್' (2016) ಕುರಿತು ಗಂಭೀರ ಓದುಗರಲ್ಲಿ ಒಂದು ಬಗೆಯ ತಾತ್ಸಾರವಿದೆ. ಗದ್ಯ ಸಾಧಾರಣ, ನಾಯಕಿಯ ಹೆಸರು ಲಿಲಿ ಬ್ಲೂಮ್, ಅವಳು ತೆರೆಯುವುದು ಹೂವಿನಂಗಡಿ; ನಗು ಬರುವಂಥದ್ದೇ. ಆದರೂ ಪುಸ್ತಕದ ಮೊದಲರ್ಧ ಮಾಡುವ ಕೆಲಸ ದೊಡ್ಡದು. ಬಾಸ್ಟನ್ನಿನ ನರಶಸ್ತ್ರವೈದ್ಯ ರೈಲ್ ಅವಳಿಗೆ ಹಿಡಿಸಿದಂತೆ ನಮಗೂ ಹಿಡಿಸುತ್ತಾನೆ. ಮೊದಲ ಸಲ ಅವನ ಕೈ ಅವಳ ಮೇಲೆ ಏಳುವುದು ಅಡುಗೆಮನೆಯಲ್ಲಿ. ಕಾದ ಪಾತ್ರೆ ಮುಟ್ಟಿ ಕೈಸುಟ್ಟುಕೊಂಡಿರುತ್ತಾನೆ, ಅವಳು ನಕ್ಕಿರುತ್ತಾಳೆ. ಲಿಲಿ ಅವನಿಗೆ ಹುಡುಕಿಕೊಡುವ ನೆಪವನ್ನು ಓದುಗರೂ ಹುಡುಕಿಕೊಡುತ್ತಾರೆ. ತಂದೆ ತಾಯಿಯನ್ನು ಹೊಡೆಯುವುದನ್ನು ನೋಡಿ ಬೆಳೆದವಳು, ಅಮ್ಮ ಯಾಕೆ ಬಿಟ್ಟುಹೋಗಲಿಲ್ಲ ಎಂದು ಸಿಟ್ಟಾಗಿದ್ದವಳು, ಅದೇ ಮೆಟ್ಟಿಲುಗಳನ್ನು ಇಳಿಯುತ್ತಿರುವಾಗ ನಾವೂ ಜೊತೆಗೆ ಇಳಿದಿರುತ್ತೇವೆ. ಪ್ರೇಮ ಕಾದಂಬರಿಯ ಮಾಮೂಲು ಆಕರ್ಷಣೆಯನ್ನೇ ಸಾಕ್ಷಿಯಾಗಿ ಬಳಸಿಕೊಂಡ ಈ ಕೌಶಲ್ಯವನ್ನು ಒಪ್ಪಿಕೊಳ್ಳದಿದ್ದರೆ ವಿಮರ್ಶೆ ಅಪ್ರಾಮಾಣಿಕವಾಗುತ್ತದೆ.

ದ್ವಿತೀಯಾರ್ಧದಲ್ಲಿ ಹೂವರ್ ಎರಡು ಕಡೆ ಜಾರುತ್ತಾರೆ. ಬಾಲ್ಯದಲ್ಲಿ ಆಕಸ್ಮಿಕವಾಗಿ ಗುಂಡು ಹಾರಿ ತನ್ನಿಂದಲೇ ಅಣ್ಣ ಸತ್ತ ಕಥೆಯನ್ನು ರೈಲ್‌ಗೆ ಅಂಟಿಸಿ ಅವನ ಕ್ರೌರ್ಯಕ್ಕೆ ಅಚ್ಚುಕಟ್ಟಾದ ಕಾರಣ ಒದಗಿಸುತ್ತಾರೆ. ಹೆಂಡತಿಯನ್ನು ಹೊಡೆಯುವ ಬಹುಪಾಲು ಗಂಡಸರ ಹಿಂದೆ ಅಂಥ ಯಾವ ಕಥೆಯೂ ಇರುವುದಿಲ್ಲ. ಇನ್ನೊಂದು ಇದಕ್ಕಿಂತ ಗಂಭೀರವಾದದ್ದು. ಹೊಡೆಯುವ ಗಂಡನನ್ನು ಬಿಡಬೇಕೆಂದಿರುವ ಹೆಂಗಸಿನ ಮುಂದೆ ನಿಲ್ಲುವ ಮೊದಲ ಪ್ರಶ್ನೆ ಎಲ್ಲಿಗೆ ಹೋಗಲಿ ಎಂಬುದು. ಲಿಲಿಗೆ ಆ ಪ್ರಶ್ನೆ ಬರುವುದೇ ಇಲ್ಲ. ತಂದೆಯಿಂದ ಬಂದ ಹಣವಿದೆ, ನಡೆಯುವ ಅಂಗಡಿಯಿದೆ, ಶ್ರೀಮಂತ ಗೆಳತಿಯಿದ್ದಾಳೆ, ಒಂದು ಕಾಲದಲ್ಲಿ ಮನೆಯಿಲ್ಲದೆ ಅಲೆಯುತ್ತಿದ್ದು ಈಗ ರೆಸ್ಟೋರೆಂಟಿನ ಒಡೆಯನಾಗಿರುವ ಹಳೆಯ ಗೆಳೆಯ ಅಟ್ಲಾಸ್ ಬಾಗಿಲು ತೆರೆದಿಟ್ಟುಕೊಂಡು ಕಾಯುತ್ತಿದ್ದಾನೆ. ಉಳಿದದ್ದು ಅವಳ ಮನಸ್ಸಿನ ಹೊಯ್ದಾಟ ಮಾತ್ರ. ಹೊಯ್ದಾಟ ಸುಳ್ಳಲ್ಲ, ಆದರೆ ಸೂರು, ಸಂಬಳ, ವಕೀಲರ ಫೀಸು ಇವನ್ನೆಲ್ಲ ಮೊದಲೇ ತೆಗೆದಿಟ್ಟು ಬರೀ ಧೈರ್ಯದ ಕಥೆ ಹೇಳಿದಾಗ, ಬಿಟ್ಟುಹೋಗಲಾಗದ ಲಿಲಿಯ ತಾಯಿಯಂಥವರಿಗೆ ಧೈರ್ಯವೇ ಇರಲಿಲ್ಲ ಎಂಬ ಅರ್ಥ ಲೇಖಕಿಗೆ ಬೇಡದಿದ್ದರೂ ಹೊರಡುತ್ತದೆ.

ಇಷ್ಟೆಲ್ಲ ಕೇಳುವುದು ಹೆಚ್ಚಾಯಿತು ಎನ್ನುವವರಿದ್ದಾರೆ. ದಿನದ ದುಡಿಮೆ ಮುಗಿಸಿ ರಾತ್ರಿ ಪುಸ್ತಕ ಹಿಡಿಯುವವರು ಸಮಾಧಾನ ಬಯಸುತ್ತಾರೆ, ಸುಖಾಂತ್ಯ ಈ ಪ್ರಕಾರದ ಕರಾರು, ಪತ್ತೇದಾರಿ ಕಾದಂಬರಿಯಲ್ಲಿ ಕೊಲೆಗಾರ ಸಿಕ್ಕಿಬೀಳುವುದನ್ನು ಯಾರೂ ತಪ್ಪೆನ್ನುವುದಿಲ್ಲವಲ್ಲ ಎಂಬುದು ಅವರ ವಾದ. ಹೆಣ್ಣುಮಕ್ಕಳು ಓದುವ ಪುಸ್ತಕಗಳೆಂದೇ ಇವನ್ನು ಕೀಳುಗಳೆಯುವ ಹಳೆಯ ಚಾಳಿ ನಮ್ಮ ವಿಮರ್ಶೆಗೆ ಇದ್ದದ್ದೂ ನಿಜ. ಸುಖಾಂತ್ಯದ ಬಗ್ಗೆ ತಕರಾರಿಲ್ಲ. ಆ್ಯನ್ ಎಲಿಯಟ್‌ಗೂ ಸುಖಾಂತ್ಯವೇ ಸಿಗುತ್ತದೆ, ಅದು ಇನ್ನೂರು ವರ್ಷಗಳ ಮೇಲೂ ಹಳಸಿಲ್ಲ, ಯಾಕೆಂದರೆ ಎಂಟು ವರ್ಷ ಕಳೆದುಕೊಂಡದ್ದನ್ನು ಆಸ್ಟಿನ್ ಮುಚ್ಚಿಡುವುದಿಲ್ಲ. ಓದುಗರನ್ನು ಕೀಳುಗಳೆಯುವುದು ಕೂಡ ಅವರಿಂದ ಕಡಿಮೆ ನಿರೀಕ್ಷಿಸಿದಾಗಲೇ ಶುರುವಾಗುತ್ತದೆ. ಸಮಾಧಾನಕ್ಕಾಗಿ ಓದುವವರಿಗೆ ಹುರುಳಿಲ್ಲದ ತಡೆ ಸಾಕು ಎಂದುಕೊಳ್ಳುವುದು ಯಾವ ಗೌರವವೂ ಅಲ್ಲ.

ಈ ಪ್ರಶ್ನೆ ನಮ್ಮ ನೆಲಕ್ಕೆ ಬಂದಾಗ ಇನ್ನೂ ಹರಿತವಾಗುತ್ತದೆ. ಇಲ್ಲಿ ತಡೆಯನ್ನು ಮನಸ್ಸಿನೊಳಗೆ ಹುಡುಕಬೇಕಾದ ಅಗತ್ಯವೇ ಇಲ್ಲ, ಜಾತಿ ಹೊರಗಡೆಯೇ ನಿಂತಿದೆ. ಆದರೂ ಚೇತನ್ ಭಗತ್ ಅವರ '2 ಸ್ಟೇಟ್ಸ್' (2009) ತಮಿಳು ಬ್ರಾಹ್ಮಣರ ಹುಡುಗಿಗೂ ಪಂಜಾಬಿ ಹುಡುಗನಿಗೂ ನಡುವೆ ಇಡುವುದು ಅಡುಗೆ, ಭಾಷೆ, ಮೈಬಣ್ಣದ ಕುಚೋದ್ಯ. ಇಬ್ಬರೂ ಅಹಮದಾಬಾದಿನ ಐಐಎಂ ಪದವೀಧರರು. ಹುಡುಗ ಚೆನ್ನೈಗೆ ಬಂದು ಮೈದುನನಾಗುವವನಿಗೆ ಪಾಠ ಹೇಳುತ್ತಾನೆ, ಮಾವನಾಗುವವರ ಆಫೀಸಿನ ಕೆಲಸಕ್ಕೆ ನೆರವಾಗುತ್ತಾನೆ, ಅತ್ತೆಯಾಗುವವರನ್ನು ವೇದಿಕೆಯ ಮೇಲೆ ಹಾಡಿಸುತ್ತಾನೆ. ತಲೆಗೊಂದು ಸೇವೆ ಸಂದಾಯವಾದ ಮೇಲೆ ಮನೆಯವರು ಒಪ್ಪುತ್ತಾರೆ. ನಗಿಸುವ ಪುಸ್ತಕ, ಬೇಸರವಾಗದೆ ಓದಿಸಿಕೊಳ್ಳುತ್ತದೆ. ಆದರೆ ಭಾರತದಲ್ಲಿ ಪ್ರೇಮ ವಿವಾಹಕ್ಕಿರುವ ಅಡ್ಡಿ ಅಳಿಯನ ಜಾಣತನದಿಂದ ದಾಟುವಂಥದ್ದು ಎಂಬ ಸುಳ್ಳನ್ನು ಅದು ಲಕ್ಷಾಂತರ ಯುವಕರಿಗೆ ಹೇಳಿತು.

ನಾಲ್ಕೇ ವರ್ಷಗಳ ನಂತರ, 2013ರಲ್ಲಿ, ಅದೇ ತಮಿಳುನಾಡಿನಿಂದ ಪೆರುಮಾಳ್ ಮುರುಗನ್ ಅವರ 'ಪೂಕ್ಕುಳಿ' ಬಂತು. ಇಂಗ್ಲಿಷಿನಲ್ಲಿ ಅದು 'ಪೈರ್'. ಸೋಡಾ ಅಂಗಡಿಯ ಕುಮರೇಸನ್ ಪಟ್ಟಣದ ಸರೋಜಾಳನ್ನು ಮದುವೆಯಾಗಿ ತನ್ನ ಹಳ್ಳಿಗೆ ಕರೆತರುತ್ತಾನೆ. ಅವಳ ಜಾತಿ ಯಾವುದೆಂದು ಮುರುಗನ್ ಹೇಳುವುದಿಲ್ಲ, ಊರಿನವರು ಕೇಳುವುದನ್ನು ನಿಲ್ಲಿಸುವುದಿಲ್ಲ. ಅತ್ತೆ ಮಾರಾಯಿಯ ಬೈಗುಳ, ಬಂಡೆಯ ಮೇಲಿನ ಗುಡಿಸಲಿನ ಬಿಸಿಲು, ಬಹಿಷ್ಕಾರದ ಬೆದರಿಕೆ ಹಾಕುವ ನೆಂಟರಿಷ್ಟರು, ಎಲ್ಲವೂ ಒಂದರ ಮೇಲೊಂದು ಬಂದು ಕೂರುತ್ತವೆ. ಕುಮರೇಸನ್‌ಗೂ ದಿನ ಕಳೆದಂತೆ ಎಲ್ಲ ಸರಿಹೋದೀತು ಎಂಬ ನಂಬಿಕೆಯಿದೆ. ಭಗತ್ ಅವರ ನಾಯಕನಿಗಿದ್ದದ್ದೂ ಅದೇ ನಂಬಿಕೆ. ಬಸುರಿ ಸರೋಜಾ ಅಡಗಿ ಕುಳಿತ ಪೊದೆಗೆ ಊರಿನವರು ಬೆಂಕಿ ಹಚ್ಚುತ್ತಾರೆ. ಇದು ಪ್ರೇಮ ಕಾದಂಬರಿಯಲ್ಲ, ಜಾತಿಯ ಕಾದಂಬರಿ ಎಂದು ಕೆಲವರು ಬೇರೆ ಕಪಾಟಿನಲ್ಲಿ ಇಡಬಯಸುತ್ತಾರೆ. ಹಾಗೆ ಇಟ್ಟರೆ ಗಂಡ ಹೆಂಡಿರ ನಡುವಿನ ಆ ನಾಚಿಕೆ, ಸೋಡಾ ಬಾಟಲಿಗಳ ಸದ್ದಿನಲ್ಲಿ ಶುರುವಾದ ಆ ಒಲವು, ಅವನು ಮನೆಗೆ ಬರುವ ಸೈಕಲ್ಲಿಗೆ ಅವಳು ಕಾಯುವ ರೀತಿ ಎಲ್ಲವನ್ನೂ ಕಡೆಗಣಿಸಿದಂತಾಗುತ್ತದೆ. ಇಲ್ಲಿ ಹೆಸರಿಸಿದ ಯಾವ ಪುಸ್ತಕದಲ್ಲೂ ಪ್ರೇಮ ಇಷ್ಟು ಕೋಮಲವಾಗಿ ಬಂದಿಲ್ಲ. '2 ಸ್ಟೇಟ್ಸ್' ಓದಿ ಮೆಚ್ಚಿದ ಕನ್ನಡದ ತರುಣ ತರುಣಿಯರು ಮುಂದಿನ ಪುಸ್ತಕವಾಗಿ ಇದನ್ನೇ ಕೈಗೆತ್ತಿಕೊಳ್ಳಲಿ, ಪ್ರೇಮ ಕಾದಂಬರಿ ಎಂದೇ ಓದಲಿ.